ಡೊಳ್ಳಪ್ಪನ ಹೂವು ಯಾವ ಬಣ್ಣ?

ಹೊಟ್ಟೆ ಇರೋ ಗಿಡ ಸಾಕಿದರೆ ಮನೆಗೆ ಜನ ಬರ್ತಾರೆ. ಬಂದವರು ಸುಮ್ಮನೆ ಹೋಗಲ್ಲ. ಒಬ್ಬರು ಒತ್ತಿ ನೋಡ್ತಾರೆ, ಒಬ್ಬರು ಕೈ ಮುಗೀತಾರೆ, ಒಬ್ಬರು ಇದನ್ನ ಯಾವ ಡಾಕ್ಟರಿಗೆ ತೋರಿಸ್ತಿದೀರಿ ಅಂತ ಕೇಳ್ತಾರೆ. ನಮ್ಮ ತಾರಸೀಲಿ ಇಂಥದ್ದು ಒಂದಲ್ಲ ಒಂದು ನಡೀತಾನೇ ಇತ್ತು. ನಾನು ಓದಿದೋನಲ್ಲ. ನಾಲ್ಕನೇ ಕ್ಲಾಸು. ಕಾಮಾಕ್ಷಿಪಾಳ್ಯದಲ್ಲಿ ಗ್ರಿಲ್ಲು, ಗೇಟು ಮಾಡೋ ಶೆಡ್ಡಲ್ಲಿ ವೆಲ್ಡಿಂಗ್ ಕೆಲಸ ಮಾಡಿದೋನು. ಬರೆಯೋದು ನಿಧಾನ. ನೆನಪಾದಷ್ಟು ಬರೀತೀನಿ.

ಮೊದಲನೇ ಹೊಟ್ಟೆ

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕುರುಬರಹಳ್ಳೀಲಿ ನಮ್ಮದು ಮೇಲಿನ ಮನೆ, ಬಾಡಿಗೆ. ಕೆಳಗಡೆ ಓನರು ಮತ್ತು ಓನರಮ್ಮ. ನಮ್ಮ ತಲೆ ಮೇಲೆ ತಾರಸಿ. ಭಾನುವಾರ ಗಿಡದ ಗಾಡಿಯವನು ಬರ್ತಿದ್ದ. ಗಾಡಿ ತುಂಬ ಗುಲಾಬಿ, ತುಳಸಿ, ಕ್ರೋಟನ್ನು. ನಮ್ಮವಳು ತುಳಸಿ ತರ್ತೀನಿ ಅಂತ ಇಳಿದು ಹೋದಳು. ತಂದಿದ್ದು ಇದನ್ನ.

ಕಿಟಕಿ ಕಟ್ಟೆ ಮೇಲಿಟ್ಟಳು. ನೋಡಿದೆ. ಮೇಲೆ ನಾಲ್ಕು ಎಲೆ. ಕೆಳಗೆ ಕಾಂಡ ಊದಿಕೊಂಡು ಬೂದು ಬಣ್ಣದ ಡೊಳ್ಳು. ನಮ್ಮಪ್ಪನಿಗೆ ಕೊನೆಗಾಲದಲ್ಲಿ ಕಾಲು ಹೀಗೇ ಊದಿತ್ತು. ಬೆರಳಿಟ್ಟು ಒತ್ತಿದೆ. ಗಟ್ಟಿ ಇತ್ತು.

“ಏನೇ ಇದು? ಕಾಯಿಲೆ ಗಿಡ ಕೊಟ್ಟಿದಾನೆ ನಿಂಗೆ. ಹೊಟ್ಟೇಲಿ ನೀರು ತುಂಬ್ಕೊಂಡಿದೆ.”

“ತುಂಬ್ಕೊಳ್ಳೋದೇ ಅದರ ಗುಣ ಅಂತೆ ರೀ. ಮರಳುಗಾಡಿಂದಂತೆ. ಹೊಟ್ಟೇಲಿ ನೀರಿಟ್ಕೊಂಡು ಬೇಕಾದಾಗ ಕುಡಿಯತ್ತಂತೆ.”

ನಾನು ನಂಬಲಿಲ್ಲ. ಕುಂಡ ಎತ್ಕೊಂಡು ಕೆಳಗೆ ಓಡಿದೆ. ಗಾಡಿಯವನು ಇನ್ನೂ ತಿರುವಿನಲ್ಲೇ ಇದ್ದ.

“ಏನಪ್ಪ, ಹೆಂಗಸರು ಅಂತ ರೋಗ ಬಂದಿದ್ದನ್ನ ಕೊಟ್ಟುಬಿಟ್ಯಾ?”

“ಅಯ್ಯೋ ಅಣ್ಣ, ಇದು ಅಡೀನಿಯಂ. ಇದರಲ್ಲಿ ಆ ಹೊಟ್ಟೆಗೇ ಬೆಲೆ. ಹೊಟ್ಟೆ ದಪ್ಪ ಆದಷ್ಟೂ ಬೆಲೆ ಜಾಸ್ತಿ.”

“ಸಾಕೋದು ಹೇಗೆ?”

“ಮರೆತುಬಿಡಿ ಅಣ್ಣ. ಬಿಸಿಲಲ್ಲಿಟ್ಟು ಮರೆತುಬಿಡಿ. ನೆನಪಿಟ್ಕೊಂಡು ನೀರು ಹಾಕಿದ್ರೆ ಕೊಳೆತು ಹೋಗತ್ತೆ.”

ಅವನು ಹೇಳಿದ ಹೆಸರು ನನ್ನ ಬಾಯಲ್ಲಿ ತಿರುಗಲಿಲ್ಲ. ಡೊಳ್ಳಪ್ಪ ಅಂದೆ. ಅದೇ ನಿಂತಿತು. ಮೇಲೆ ಬಂದು ನಮ್ಮವಳಿಗೆ ಹೇಳಿದೆ, “ಹೊಟ್ಟೆ ದಪ್ಪ ಆದಷ್ಟೂ ಬೆಲೆ ಜಾಸ್ತಿ ಅಂತೆ ಕಣೇ.”

ಅವಳು ನನ್ನ ಬನಿಯನ್ ಕಡೆ ನೋಡಿದಳು. “ಮೊದಲೇ ಗೊತ್ತಿದ್ರೆ ದುಡ್ಡು ಕೊಟ್ಟು ಯಾಕೆ ತರ್ತಿದ್ದೆ? ಮನೇಲೇ ಇತ್ತಲ್ಲ.”

ಕಾಲುಚೀಲ

ಆ ಗಿಡ ಕೆಂಪು ಹೂ ಬಿಟ್ಟಿತು. ಅದು ನೋಡಿ ಅವಳಿಗೆ ಆಸೆ ಹೆಚ್ಚಿತು. ಮತ್ತೊಂದು ತಂದಳು, ಅದು ಬಿಳಿ. ಎರಡನ್ನೂ ತಾರಸೀಲಿಟ್ಟಳು. ಕೆಳಗೆ ಕಾಂಪೌಂಡ್ ಮೇಲೆ ಇಡೋಣ, ಚೆನ್ನಾಗಿ ಕಾಣತ್ತೆ ಅಂದೆ. “ನಿಮಗೆ ತಲೆ ಸರಿ ಇದೆಯಾ? ವಾಕಿಂಗ್ ಸಾಹೇಬರು ಬಿಡ್ತಾರಾ?” ಅಂದಳು.

ವಾಕಿಂಗ್ ಸಾಹೇಬರು ಅಂದರೆ ಎರಡು ರಸ್ತೆ ಆಚೆ ಇದ್ದ ರಿಟೈರ್ಡ್ ಆಫೀಸರ್ ಒಬ್ಬರು. ಬೆಳಕು ಹರಿಯೋ ಮೊದಲು ಮಂಕಿ ಕ್ಯಾಪ್ ಹಾಕಿ, ಒಂದು ಕೈಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಲಿ ಕೊಕ್ಕೆ ಕೋಲು ಹಿಡಿದು ವಾಕಿಂಗ್ ಹೊರಡೋರು. ವಾಪಸ್ ಬರುವಾಗ ಕವರು ತುಂಬ ಊರವರ ಹೂವು. ದೇವರಿಗೆ ಅನ್ನೋರು. ದೇವರಿಗೆ ಅಂದಮೇಲೆ ಯಾರೂ ಮಾತಾಡೋ ಹಾಗಿಲ್ಲ.

ಒಂದು ದಿನ ನಾನು ಕೆಲಸಕ್ಕೆ ಹೊರಟಿದೀನಿ. ಒಂದೇ ಕಾಲುಚೀಲ ಇದೆ. ವೆಲ್ಡಿಂಗ್ ಕೆಲಸಕ್ಕೆ ಶೂ, ಕಾಲುಚೀಲ ಬೇಕೇ ಬೇಕು, ಕಿಡಿ ಬೀಳತ್ತೆ. ಮಂಚದ ಕೆಳಗೆ ನೋಡಿದೆ, ಬಚ್ಚಲಲ್ಲಿ ನೋಡಿದೆ. ಅವಳು ಒಲೆ ಮುಂದೆ ನಿಂತು, ತಿರುಗದೇ ಹೇಳಿದಳು, “ತಾರಸೀಲಿ ನೋಡ್ರಿ.”

ಹತ್ತಿ ನೋಡಿದೆ. ಕೆಂಪು ಡೊಳ್ಳಪ್ಪ ನನ್ನ ಕಾಲುಚೀಲ ಹಾಕ್ಕೊಂಡು ನಿಂತಿತ್ತು.

ಗಿಡ ಕಾಯಿ ಬಿಟ್ಟಿತ್ತು. ಮೇಕೆ ಕೊಂಬಿನ ಥರ ಜೋಡಿ ಕಾಯಿ. ಒಡೆದರೆ ಬೀಜ ಎಲ್ಲಾ ಹಾರಿಹೋಗತ್ತೆ ಅಂತ ಗಾಡಿಯವನು ಹೇಳಿದ್ದನಂತೆ. ಅದಕ್ಕೆ ಇವಳು ಕಾಲುಚೀಲ ತೊಡಿಸಿ ದಾರ ಕಟ್ಟಿದ್ದಳು. ನಾನು ಅವತ್ತು ಒಂದು ಕಾಲಿಗೆ ಮಗಳು ಬಿಟ್ಟು ಹೋಗಿದ್ದ ಸ್ಕೂಲಿನ ಕಾಲುಚೀಲ ಹಾಕ್ಕೊಂಡು ಹೋದೆ. ಮಗಳು ಮದುವೆಯಾಗಿ ತುಮಕೂರಿಗೆ ಹೋಗಿ ಎಷ್ಟೋ ಕಾಲ ಆಗಿತ್ತು.

ಕಾಯಿ ಒಡೆದ ದಿನ ಇಬ್ಬರೂ ಕೂತು ಬಿಚ್ಚಿದೆವು. ಬೀಜ ಜೀರಿಗೆಗಿಂತ ಸ್ವಲ್ಪ ದೊಡ್ಡದು. ಅದರ ಎರಡೂ ತುದೀಲಿ ರೇಷ್ಮೆ ಥರ ಎಳೆ. ಅವಳು ಒಂದನ್ನ ಎತ್ತಿ ಮೂಗಿನ ಕೆಳಗೆ ಅಡ್ಡಕ್ಕೆ ಹಿಡಿದಳು. “ನೋಡ್ರಿ, ಯಾರು ಹೇಳಿ?” ಅಂದಳು. ಆಮೇಲೆ ಉಫ್ ಅಂತ ಊದಿದಳು. ನನ್ನ ಮೀಸೆ ಹಾರ್ಕೊಂಡು ಪಕ್ಕದ ಮನೆ ನೀರಿನ ಟ್ಯಾಂಕಿನ ಮೇಲೆ ಕೂತಿತು.

ಅವಳಿಗೆ ನನ್ನ ಮೀಸೆ ಕಂಡರೆ ಆಗ್ತಿರಲಿಲ್ಲ. ಮದುವೆಯಾದಾಗಿಂದ ಅದೇ ಜಗಳ. ಸಾರಿನಲ್ಲಿ ಅದ್ದತ್ತೆ ಅನ್ನೋಳು. ಬಿತ್ತಿದ ಬೀಜದಲ್ಲಿ ಇಲಿ ತಿಂದಿದ್ದು ತಿಂತು, ಕೊಟ್ಟಿದ್ದು ಕೊಟ್ವಿ, ಒಂದು ಸಸಿ ನಮಗೆ ಉಳೀತು. ಬೀಜದಿಂದ ಬಂದಿದ್ದಕ್ಕೆ ಯಾವ ಬಣ್ಣ ಅಂತ ಹೂ ಬಿಡೋವರೆಗೂ ದೇವರಿಗೂ ಗೊತ್ತಾಗಲ್ಲ ಅಂತ ಗಾಡಿಯವನು ಹೇಳಿದ್ದ. ಅಲ್ಲಿಗೆ ನಮ್ಮಲ್ಲಿ ಪಂದ್ಯ ಹುಟ್ಟಿತು.

“ಅಮ್ಮ ಕೆಂಪು. ಮಗುವೂ ಕೆಂಪೇ,” ಅಂದೆ.

“ಪಕ್ಕದಲ್ಲಿ ಬಿಳಿ ಅಪ್ಪ ನಿಂತಿದಾನಲ್ಲ, ಅವನು ಸುಮ್ನೆ ನಿಂತಿದಾನಾ? ಬಿಳೀನೇ ಬರೋದು,” ಅಂದಳು. “ಬಿಳಿ ಬಂದ್ರೆ ಮೀಸೆ ತೆಗೀಬೇಕು. ಕೆಂಪು ಬಂದ್ರೆ ಮೀಸೆ ವಿಷಯಕ್ಕೆ ನಾನು ಇನ್ನು ಬಾಯಿ ಬಿಡಲ್ಲ. ಆಗಬಹುದಾ?”

ಆಗಬಹುದು ಅಂದೆ. ಅವತ್ತಿಂದ ಬೆಳಿಗ್ಗೆ ಎದ್ದು ಮೊದಲು ಕನ್ನಡಿ ನೋಡೋದು ಬಿಟ್ಟೆ. ಮೊದಲು ಸಸಿ ನೋಡ್ತಿದ್ದೆ.

ಮೂರು ಚೊಂಬು

ಸಸಿಗೆ ನಿಂಬೆಹಣ್ಣಿನಷ್ಟು ಹೊಟ್ಟೆ ಬಂದಿತ್ತು. ಹೂವಿಲ್ಲ. ಅಷ್ಟರಲ್ಲಿ ಅವಳು ಹೋದಳು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಅದನ್ನ ಇಲ್ಲಿ ಬರೆಯಲ್ಲ.

ಕಾರ್ಯದ ದಿನ ನನ್ನ ತಲೆಗೂದಲು, ಮೀಸೆ ಎರಡೂ ತೆಗೆದರು. ಅದು ಶಾಸ್ತ್ರ. ಪಂದ್ಯದ ಲೆಕ್ಕಕ್ಕೆ ಬರಲ್ಲ. ಮತ್ತೆ ಬೆಳೀತು.

ಪಂದ್ಯದ ವಿಷಯ ನಾನು ಯಾರಿಗೂ ಹೇಳಲಿಲ್ಲ. ಗಂಡ ಹೆಂಡತಿ ಮಾತು. ಆದರೆ ಆ ಗಿಡಕ್ಕೆ ಯಾವ ಬಣ್ಣದ ಹೂ ಬರತ್ತೆ ಅಂತ ನೋಡಬೇಕು ಅನ್ನೋದೊಂದು ಉಳೀತು. ಬೇರೆ ಏನೂ ನೋಡಬೇಕು ಅನ್ನಿಸ್ತಿರಲಿಲ್ಲ. ಅದೊಂದು ಅನ್ನಿಸ್ತಿತ್ತು.

ಅವಳಿದ್ದಾಗ ನೀರು ಹಾಕೋದು ಅವಳೇ. ಯಾವಾಗ, ಎಷ್ಟು ಅಂತ ನಾನು ಕೇಳಿರಲಿಲ್ಲ. ಗಾಡಿಯವನು ಮರೆತುಬಿಡಿ ಅಂದಿದ್ದ. ಆದರೆ ಅದು ಅವಳ ಗಿಡ. ಮರೆಯೋದು ಹೇಗೆ? ದಿನಾ ಸಾಯಂಕಾಲ ಒಂದು ಚೊಂಬು ಹಾಕಿದೆ.

ಪಕ್ಕದ ಪೋರ್ಷನ್ನಿಗೆ ಆಗ ಗದಗದ ಕಡೆಯಿಂದ ಒಂದು ಸಂಸಾರ ಬಂದಿತ್ತು. ಆ ಹೆಣ್ಣುಮಗಳನ್ನ ನಾವೆಲ್ಲ ಗದಗದ ಅಕ್ಕ ಅಂತಿದ್ವಿ. ನನಗಿಂತ ಚಿಕ್ಕವಳೇ. ಗಿಡದ ಎಲೆ ಉದುರಕ್ಕೆ ಶುರುವಾಯ್ತು. ಎಲೆ ಉದುರಿತು ಅಂತ ನಾನು ಇನ್ನೊಂದು ಚೊಂಬು ಜಾಸ್ತಿ ಮಾಡಿದೆ. ಮತ್ತೂ ಉದುರಿತು.

ಒಂದು ದಿನ ಬೆಳಿಗ್ಗೇನೇ ಹಾಕೋಣ ಅಂತ ಚೊಂಬು ಹಿಡಿದು ಹತ್ತಿದೆ. ನೋಡಿದರೆ ಗದಗದ ಅಕ್ಕ ಚೊಂಬು ಹಿಡಿದು ನಿಂತಿದಾಳೆ. ನನ್ನ ನೋಡಿ ಸೆರಗು ಸರಿ ಮಾಡ್ಕೊಂಡಳು.

“ಅಣ್ಣಾರ, ಬೈಬ್ಯಾಡ್ರಿ. ಅಕ್ಕಾರು ಹಚ್ಚಿದ ಗಿಡ. ನೀವು ಗಂಡಸರು, ನಿಮಗ ನೆನಪ ಇರೂದಿಲ್ಲ ಅಂತ ದಿನಾ ಮುಂಜಾನೆ ನಾನ ಹಾಕ್ತೀನಿ.”

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಉಸಿರು ಬಿಡೋ ಸದ್ದು. ಓನರಮ್ಮ. ಒಂದು ಕೈ ಮಂಡಿ ಮೇಲೆ, ಒಂದು ಕೈಲಿ ಚೊಂಬು.

“ನೀವೇನ್ರಪ್ಪ ಇಬ್ರೂ ಇಲ್ಲಿ?” ಅಂದರು. “ಪಾಪ, ಅವಳ ಗಿಡ ಒಣಗಬಾರದು ಅಂತ ನಾನು ಮಧ್ಯಾಹ್ನ ಮಧ್ಯಾಹ್ನ ಬಂದು ಹಾಕಿ ಹೋಗ್ತಿದ್ದೆ. ಇವತ್ತು ಮಧ್ಯಾಹ್ನ ಮದುವೆಗೆ ಹೋಗಬೇಕಿತ್ತು, ಅದಕ್ಕೆ ಈಗಲೇ ಬಂದೆ.”

ಮೂರು ಜನ, ಮೂರು ಚೊಂಬು. ಮಧ್ಯದಲ್ಲಿ ಮರಳುಗಾಡಿನ ಗಿಡ. ಕಾವೇರಿ ನೀರು ದಿನ ಬಿಟ್ಟು ದಿನ ಬರ್ತಿದ್ದ ಕಾಲ. ನಮಗೆ ಸ್ನಾನಕ್ಕೆ ಸಾಲದಿದ್ರೂ ಅದಕ್ಕೆ ಮೂರು ಹೊತ್ತೂ ಅಭ್ಯಂಜನ ನಡೀತಿತ್ತು.

ಮುಟ್ಟಿ ನೋಡಿದೆ. ಹಳೇ ಎರಡೂ ಗಿಡ ಬೇಯಿಸಿದ ಗೆಣಸಿನ ಥರ ಆಗಿತ್ತು. ಬೆರಳು ಒಳಗೇ ಹೋಯ್ತು. ಅವಳ ಸಸಿ ಮೇಲೆ ಗಟ್ಟಿ ಇತ್ತು, ಬುಡ ಮೆತ್ತಗೆ. ಓನರಮ್ಮ ಕೈಲಿದ್ದ ಚೊಂಬು ನೋಡಿ ಹೇಳಿದರು, “ಸರಿ, ಹತ್ತಿದ್ದಾಗಿದೆ. ಈ ನೀರನ್ನ ಏನ್ ಮಾಡೋದು?”

ಡೂಪ್ಲಿಕೇಟ್

ಭಾನುವಾರಕ್ಕೆ ಕಾಯಲಿಲ್ಲ. ಗಾಡಿಯವನನ್ನ ಹುಡುಕ್ಕೊಂಡು ಬಸವೇಶ್ವರನಗರದವರೆಗೂ ನಡೆದೆ. ಸಿಕ್ಕಿದ. ನಡೆದಿದ್ದು ಕೇಳಿದ. ತಲೆ ಚಚ್ಚಿಕೊಂಡ.

“ಅಣ್ಣ, ಕೊಳೆತಿದ್ದೆಲ್ಲಾ ಕೆರೆದು ಹಾಕಿ. ಗಟ್ಟಿ ಸಿಗೋವರೆಗೂ ಕೆರೀರಿ. ಅರಿಶಿನ ಮೆತ್ತಿ. ಮಣ್ಣು ಮುಟ್ಟಿಸಬೇಡಿ. ನೆರಳಲ್ಲಿ, ಗಾಳಿಗೆ ನೇತು ಹಾಕಿ ಒಣಗಿಸಿ.”

“ಮಣ್ಣಿಲ್ದೆ ಬದುಕತ್ತಾ?”

“ಹೊಟ್ಟೇಲಿ ಇದೆಯಲ್ಲ ಅಣ್ಣ. ತಿಂಗಳಾನುಗಟ್ಟಲೆ ಬದುಕತ್ತೆ.”

ಹಳೇ ಎರಡನ್ನೂ ಎಸೆದು ಸಸಿ ಒಂದನ್ನೇ ಕೈಗೆ ತಗೊಂಡೆ. ಕಬ್ಬಿಣ ಉಜ್ಜಿದ ಕೈ. ಉಗುರಿನಷ್ಟು ಉಗುರಿನಷ್ಟೇ ಕೆರೆದೆ. ಅರಿಶಿನ ಮೆತ್ತಿದೆ. ಬೈಂಡಿಂಗ್ ವೈರಲ್ಲಿ ಕಟ್ಟಿ ಬಾಗಿಲ ಮೇಲೆ ತಲೆಕೆಳಗಾಗಿ ನೇತು ಹಾಕಿದೆ. ಅಲ್ಲಿ ನೆರಳೂ ಇತ್ತು, ಗಾಳೀನೂ ಇತ್ತು. ರಸ್ತೆಯಿಂದಲೂ ಕಾಣ್ತಿತ್ತು. ಅದನ್ನ ನಾನು ಯೋಚನೆ ಮಾಡಿರಲಿಲ್ಲ.

ಎದುರುಗಡೆ ಪ್ರಾವಿಷನ್ ಸ್ಟೋರಿನವರು ಎರಡು ದಿನ ನೋಡಿದರು. ಮೂರನೇ ದಿನ ಕರೆದರು. ಆಗ ಮೇನ್ ರೋಡಲ್ಲಿ ಹೊಸದಾಗಿ ಏಸಿ ಅಂಗಡಿ ಬಂದು ಅವರ ವ್ಯಾಪಾರ ಬಿದ್ದು ಹೋಗಿತ್ತು.

“ಅಣ್ಣ, ದೃಷ್ಟಿಗೆ ಏನು ಕಟ್ಟಿದೀರಾ ಬಾಗಿಲಿಗೆ?”

“ದೃಷ್ಟಿಗಲ್ಲ. ಗಿಡ. ಕೊಳೆತಿತ್ತು. ಒಣಗಲಿ ಅಂತ.”

“ಅರಿಶಿನ ಹಚ್ಚಿದೆ?”

“ಹೌದು.”

“ತಲೆಕೆಳಗೆ ಕಟ್ಟಿದೆ?”

“ಹೌದು.”

“ಬಾಗಿಲಿಗೇ ಕಟ್ಟಿದೆ?”

“ಹೌದು.”

“ಹೇಳಕ್ಕೆ ಇಷ್ಟ ಇಲ್ಲಾಂದ್ರೆ ಬಿಡಿ ಅಣ್ಣ. ಪರವಾಗಿಲ್ಲ.”

ಬೂದುಗುಂಬಳ ಕಟ್ಟೋರಿದಾರೆ, ಲೋಳೆಸರ ಕಟ್ಟೋರಿದಾರೆ. ಹೊಟ್ಟೆ ಇರೋ ಗಿಡ ಕಟ್ಟಿದ್ದು ನಮ್ಮ ರಸ್ತೇಲಿ ನಾನೇ ಮೊದಲು. ಹೊಸ ಸಾಮಾನು, ಜಾಸ್ತಿ ಪವರ್ ಇರಬೇಕು ಅಂತ ಅವರ ಲೆಕ್ಕ. ಮಾರನೇ ದಿನ ಅವರ ಶಟರಿನ ಮೇಲೆ ಒಂದು ದಪ್ಪ ಗೆಣಸು ನೇತಾಡ್ತಿತ್ತು. ಅರಿಶಿನ ಹಚ್ಚಿ, ತಲೆಕೆಳಗಾಗಿ. ಗೆಣಸಿಗೆ ತಲೆ ಯಾವ ಕಡೆ ಅಂತ ಅವರು ಹೇಗೆ ಕಂಡುಹಿಡಿದರೋ ಗೊತ್ತಿಲ್ಲ.

ಸ್ವಲ್ಪ ದಿನಕ್ಕೆ ಗೆಣಸು ಚಿಗುರಿತು. ಬಳ್ಳಿ ಇಳಿದು ಬೋರ್ಡಿನ ಮೇಲೆ ಹಬ್ಬಿತು. ಜನ ನಿಂತು ನೋಡೋರು. ನೋಡಿದವರು ನಾಚಿಕೆಗಾದ್ರೂ ಒಂದು ಸೋಪು, ಒಂದು ಬಿಸ್ಕತ್ತು ತಗೊಳ್ಳೋರು. ವ್ಯಾಪಾರ ಏರಿತು. ನನ್ನದು ಮೇಲೆ ಒಂದು ಎಲೆ ಇಲ್ಲದೆ ಒಣಗ್ತಾನೇ ಇತ್ತು. ಅವರು ಒಂದು ದಿನ ನನ್ನ ಹತ್ತಿರ ಕರೆದು, ಯಾರಿಗೂ ಕೇಳಿಸದ ಹಾಗೆ ಹೇಳಿದರು, “ಅಣ್ಣ, ಬೇಜಾರು ಮಾಡ್ಕೋಬೇಡಿ. ನಿಮಗೆ ಯಾರೋ ಡೂಪ್ಲಿಕೇಟ್ ಕೊಟ್ಟಿದಾರೆ.”

ಬೆನ್ನು

ಗಾಯ ಒಣಗಿತು. ಮರಳು, ಇಟ್ಟಿಗೆ ಚೂರು ಹಾಕಿ ಮತ್ತೆ ನೆಟ್ಟೆ. ಕೊಳೆಯಬಾರದು ಅಂತ ಈ ಸಲ ಹೊಟ್ಟೆ ಪೂರ್ತಿ ಮೇಲಿಟ್ಟೆ. ಕೆರೆದು ಉಳಿದ ಬೇರು ಎರಡು ಕಡೆ ಕಾಲು ಮಡಚಿದ ಹಾಗೆ ಕೂತಿತು. ಇನ್ನೊಂದು ಬೇರು ಹೊಟ್ಟೆ ಮೇಲಿಂದ ಇಳಿದು ಎಡಕ್ಕೆ ತಿರುಗಿತ್ತು. ನನಗೆ ಬೇರು ಬೇರಾಗೇ ಕಂಡಿತು. ಬಟ್ಟೆ ಒಣಗಿಸಕ್ಕೆ ಬಂದ ಗದಗದ ಅಕ್ಕ ಮಾತ್ರ ಬಕೆಟ್ ಕೆಳಗಿಟ್ಟಳು.

“ಅಯ್ಯ ಶಿವನ! ಗಣಪ್ಪ ಬಂದು ಕುಂತಾನಲ್ರೀ!”

ಒಂದು ಸಲ ಅವಳು ತೋರಿಸಿದ ಮೇಲೆ ನನಗೂ ಬೇರೆ ಏನೂ ಕಾಣಲಿಲ್ಲ. ಸೊಂಡಿಲು, ಹೊಟ್ಟೆ, ಕಾಲು ಎಲ್ಲಾ ಇತ್ತು. ಸಾಯಂಕಾಲಕ್ಕೆ ಕುಂಕುಮ ಬಂತು. ಮಾರನೇ ದಿನ ಗರಿಕೆ. ಸಂಕಷ್ಟಿ ದಿನ ಹಿಂದಿನ ರಸ್ತೆಯವರೂ ತಟ್ಟೆ ಹಿಡಿದು ಹತ್ತಿದರು. ಒಬ್ಬರು ಹಾಲು, ಒಬ್ಬರು ಜೇನುತುಪ್ಪ, ಒಬ್ಬರು ಎಳನೀರು. ಇರುವೆ ಸಾಲು ಕೆಳಗಿನ ಮೀಟರ್ ಬೋರ್ಡಿನಿಂದ ಶುರುವಾಗ್ತಿತ್ತು.

ನೀರಿಗೇ ಕೊಳೆತಿದ್ದು. ಇನ್ನು ಪಂಚಾಮೃತಕ್ಕೆ ಉಳಿಯತ್ತಾ? ಬೇಡ ಅನ್ನೋ ಹಾಗೂ ಇಲ್ಲ. ದೇವರಿಗೆ ಅಭಿಷೇಕ ಬೇಡ ಅಂದ ಅಂತ ಆಗತ್ತೆ. ಅವಳ ಹೂವು ನೋಡಬೇಕು ಅಂತ ಅವರಿಗೆ ಹೇಗೆ ಹೇಳೋದು? ಯೋಚನೆ ಮಾಡಿದೆ. ನನಗೆ ಯೋಚನೆ ಬರೋದು ತಡ. ಎರಡು ದಿನ ಆಯ್ತು. ಕುಂಡ ಎತ್ತಿ, ಸೊಂಡಿಲು ಗೋಡೆ ಕಡೆ ಬರೋ ಹಾಗೆ ತಿರುಗಿಸಿ, ಮೂಲೆಗೆ ಒತ್ತಿಟ್ಟೆ. ಅಷ್ಟೇ.

ಗದಗದ ಅಕ್ಕ ಬಂದಳು. ನೋಡಿ ಅಲ್ಲೇ ಕಣ್ಣು ಮುಚ್ಚಿಕೊಂಡಳು.

“ಅಣ್ಣಾರ! ಗಣಪ್ಪನ ಬೆನ್ನ ನೋಡಬಾರದ್ರಿ! ಮನ್ಯಾಗ ಬಡತನ ಬರ್ತೈತಿ!”

“ಬಿಸಿಲು ಆ ಕಡೆಯಿಂದ ಬರತ್ತಲ್ಲ ಅಕ್ಕ. ಅವನೇ ತಿರುಗಿದಾನೆ. ನಾನೇನ್ ಮಾಡ್ಲಿ?”

ದೇವರು ತಾನಾಗಿ ತಿರುಗಿದ್ದನ್ನ ಮನುಷ್ಯರು ತಿರುಗಿಸೋ ಹಾಗಿಲ್ಲ. ಅವತ್ತಿಂದ ಯಾರೂ ಆ ಮೂಲೆಗೆ ಬರಲಿಲ್ಲ. ಬಟ್ಟೆ ಒಣಗಿಸೋರೂ ಹಿಂದೆ ಹಿಂದೆ ನಡ್ಕೊಂಡು ಹೋಗಿ ಒಣಗಿಸೋರು. ಗಿಡಕ್ಕೆ ಮೊದಲನೇ ಸಲ ನೆಮ್ಮದಿ ಸಿಕ್ಕಿತು. ಚಿಗುರಿತು.

ಓನರಮ್ಮ ಒಬ್ಬರೇ ಹೆದರಲಿಲ್ಲ. ಮಂಡಿ ಹಿಡ್ಕೊಂಡು ಹತ್ತಿ ಬಂದು, ಸೊಂಟಕ್ಕೆ ಕೈ ಕೊಟ್ಟು ಆ ಬೆನ್ನನ್ನ ನೋಡಿದರು. ಅಗಲ ಬೆನ್ನು, ಕೆಳಗೆ ಎರಡು ಕಡೆ ಮಡತೆ.

“ನಮ್ಮನೆಯವರು ಬನಿಯನ್ ಇಲ್ದೆ ಪೇಪರ್ ಓದ್ತಾ ಕೂತಿದ್ರೆ ಹೀಗೇ ಕಾಣೋದು,” ಅಂದರು.

“ನೋಡಬಾರದಂತೆ ಅಮ್ಮ. ದಾರಿದ್ರ್ಯ ಬರತ್ತಂತೆ.”

“ಮದುವೆ ಆದಾಗಿಂದ ಇದೇ ಬೆನ್ನು ನೋಡ್ತಿದೀನಿ ಕಣಪ್ಪ. ಬರೋದೆಲ್ಲಾ ಬಂದಾಗಿದೆ.”

ಹಸಿರು ಗೇಟು

ಕಾರ್ಡ್ ರೋಡಲ್ಲಿ ಮೆಟ್ರೋ ಕಂಬಕ್ಕೆ ಅಗೀತಿದ್ದ ಬೇಸಿಗೆ. ಎಲೆ ಮೇಲಿನ ಧೂಳು ಒರೆಸ್ತಿದ್ದೆ. ತುದೀಲಿ ಮೂರು ಮೊಗ್ಗು. ಜೀರಿಗೆಯಷ್ಟು.

ಬಣ್ಣ ತಿಳ್ಕೋಬೇಕು ಅಂತ ದಿನಕ್ಕೆ ಹತ್ತು ಸಲ ಹತ್ತಿದೆ. ಮುಟ್ಟಿ ಮುಟ್ಟಿ ಎರಡು ಉದುರಿಸಿದೆ. ಮೂರನೇದಕ್ಕೆ ಕೈ ಕಟ್ಟಿಕೊಂಡು ನಿಂತೆ. ಅದು ಉದ್ದ ಆಯ್ತು. ಬುಡ ಬಿಳಿ. ಸುರುಳಿ ಸುತ್ತಿದ ತುದಿ ಮಾತ್ರ ಕೆಂಪು. ನನಗೆ ಏನೂ ಅರ್ಥ ಆಗಲಿಲ್ಲ. ಗದಗದ ಅಕ್ಕನನ್ನ ಕರೆದು ತೋರಿಸಿದೆ. ಹೂವಿನ ಸಲುವಾಗಿ ಬೆನ್ನಿನ ಭಯ ಬಿಟ್ಟು ಬಂದಳು. ಬಿಳೇದು ಅಂದಳು. ಅವಳ ಗಂಡ ಕೆಂಪ ಅಂದ. ಓನರು ಕೆಳಗಿಂದಲೇ ಹಳದಿ ಅಂದರು.

“ನಾನು ನೋಡ್ದೆ ಹೇಗೆ ಹೇಳ್ಲಿ?” ಅಂದರು ಓನರಮ್ಮ. ಮಂಡಿ ನೋವು ಆಗ ಪೂರ್ತಿ ಜಾಸ್ತಿಯಾಗಿತ್ತು. “ನನ್ನ ಕೈಲಿ ಇನ್ನು ಹತ್ತಕ್ಕಾಗಲ್ಲಪ್ಪ. ಅವಳಿಗೆ ಅದರ ಮೇಲೆ ಎಷ್ಟು ಆಸೆ ಇತ್ತು ಅಂತ ನಂಗೊತ್ತು. ಅರಳೋ ದಿನ ಒಂದು ಸಲ ಕೆಳಗೆ ತಂದಿಡು. ನಾನೂ ನೋಡ್ತೀನಿ.”

ಇಲ್ಲ ಅನ್ನಕ್ಕಾಗಲಿಲ್ಲ. ಗುರುವಾರ ಸಾಯಂಕಾಲ ಮೊಗ್ಗು ಸಡಿಲ ಆಗಿತ್ತು. ನಾಳೆ ಅರಳತ್ತೆ. ಮಗು ಎತ್ಕೊಂಡ ಹಾಗೆ ಎತ್ಕೊಂಡು ಇಳಿದೆ. ಬೆಳಗಿನ ಮೊದಲ ಬಿಸಿಲು ಬೀಳೋ ಜಾಗ ಅಂತ ನಮ್ಮ ಹಸಿರು ಗೇಟಿನ ಪಕ್ಕ ಕಾಂಪೌಂಡ್ ಮೇಲಿಟ್ಟೆ.

ನಮ್ಮವಳು ಇದ್ದಿದ್ರೆ ಇಡಕ್ಕೆ ಬಿಡ್ತಿರಲಿಲ್ಲ.

ಬೆಳಿಗ್ಗೆ ಬೆಳಕಾಗ್ತಿದ್ದ ಹಾಗೆ ಇಳಿದೆ. ಕುಂಡ ಇತ್ತು. ಗಿಡ ಇತ್ತು. ತುದೀಲಿ ಬರೀ ತೊಟ್ಟು. ತೊಟ್ಟಿನಲ್ಲಿ ಒಂದು ಹನಿ ಹಾಲು.

ಕುಂಡದ ಪಕ್ಕದಲ್ಲೇ ಒಂದು ದಾಸವಾಳದ ಮೊಗ್ಗು ಬಿದ್ದಿತ್ತು. ಕವರಿನಿಂದ ಬಿದ್ದಿದ್ದು. ಯಾರು ಅಂತ ಕೇಳೋದೇ ಬೇಡ.

ಬನಿಯನ್ ಮೇಲೇ ಹೊರಟೆ. ಬೈಯಬೇಕು ಅಂತಾನೇ ಹೊರಟೆ. ದಾರಿ ಉದ್ದಕ್ಕೂ ಏನೇನು ಬೈಯೋದು ಅಂತ ಜೋಡಿಸ್ಕೊಂಡೆ. ಬಾಗಿಲು ತಟ್ಟಿದೆ. ವಾಕಿಂಗ್ ಸಾಹೇಬರೇ ತೆಗೆದರು. ಮಡಿ ಪಂಚೆ. ಮಂಕಿ ಕ್ಯಾಪ್ ಇನ್ನೂ ತಲೆ ಮೇಲೇ ಇತ್ತು.

“ಬನ್ನಿ ಬನ್ನಿ, ಒಳ್ಳೇ ಹೊತ್ತಿಗೆ ಬಂದ್ರಿ. ಪೂಜೆ ನಡೀತಾ ಇದೆ.”

“ಸಾರ್, ಆ ಹಸಿರು ಗೇಟಿನ ಮನೆ...”

“ಹಸಿರು ಗೇಟಾ? ಅದರಲ್ಲಿ ಏನೂ ಇಲ್ಲ ಕಣ್ರೀ. ಎಡಗಡೆ ಮನೇಲಿ ದಾಸವಾಳ. ಬಲಗಡೆ ಕಣಗಿಲೆ. ಎದುರುಗಡೆ ಅಂಗಡಿ ಪಕ್ಕ ನಂದಿಬಟ್ಟಲು. ಹಸಿರು ಗೇಟು ಬರೀ ಗೇಟು.”

ನಮ್ಮ ರಸ್ತೆ ಪೋಸ್ಟ್‌ಮ್ಯಾನಿಗೂ ಅಷ್ಟು ಗೊತ್ತಿರಲಿಲ್ಲ.

“ಇವತ್ತು ಒಂದಿತ್ತು ಸಾರ್. ಕಾಂಪೌಂಡ್ ಮೇಲೆ. ಕುಂಡದಲ್ಲಿ.”

“ಓಹೋ, ಅದಾ!” ಅವರ ಮುಖ ಅರಳಿತು. “ಹೊಸದು! ಪಾಪ, ಯಾರೋ ಪುಣ್ಯಾತ್ಮರು, ನನಗೆ ಎಟುಕಲಿ ಅಂತ ಗೋಡೆ ಮೇಲೇ ತಂದಿಟ್ಟಿದಾರೆ ಅನ್ಕೊಂಡೆ. ನೀವೇನಾ ಇಟ್ಟಿದ್ದು? ನಿಮಗೆ ಒಳ್ಳೇದಾಗ್ಲಿ.”

ಒಳ್ಳೇದಾಗ್ಲಿ ಅಂದವರಿಗೆ ಬೈಯೋದು ಹೇಗೆ?

“ಏನ್ ಬಣ್ಣ ಇತ್ತು ಸಾರ್?”

“ಬಣ್ಣ ಎಲ್ಲಿ ಕಾಣತ್ತೆ? ನಾನು ಹೋಗೋದು ಕತ್ತಲಲ್ಲಿ. ಅಲ್ದೆ ಎರಡೂ ಕಣ್ಣಿಗೆ ಪೊರೆ ಬಂದಿದೆ.”

“ಮತ್ತೆ ಹೂವು ಹೇಗೆ ಗೊತ್ತಾಗತ್ತೆ?”

“ಕೈಗೆ ಗೊತ್ತಾಗತ್ತೆ.”

ದೇವರ ಮನೇಲಿ ಅವರ ಮನೆಯವರು ಶುಕ್ರವಾರದ ಕುಂಕುಮಾರ್ಚನೆ ಮಾಡ್ತಿದ್ದರು. ಕುತ್ತಿಗೆ ಚಾಚಿ ನೋಡಿದೆ. ದೇವರು ಕಾಣಲಿಲ್ಲ. ಕುರುಬರಹಳ್ಳಿ ಪೂರ್ತಿ ಹೂವು ರಾಶಿ ಬಿದ್ದಿತ್ತು. ಅದರ ಮೇಲೆ ಕುಂಕುಮ. ಪೂಜೆ ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ನಡುಮನೇಲಿ ಕೂತೆ. ಬೈಯಕ್ಕೆ ಹೋದವನು ಮಂಗಳಾರತಿಗೆ ಎದ್ದು ನಿಂತು ಗಂಟೆ ಬಾರಿಸಿದೆ.

“ಅಮ್ಮ, ಆ ಹೊಸ ಹೂವು ನಂಗೆ ಬೇಕಿತ್ತು,” ಅಂದೆ.

ಆಯಮ್ಮ ಹುಡುಕಿ ತೆಗೆದರು. ಬಲಗೈಲಿ ಕೊಟ್ಟರು. “ಪ್ರಸಾದ. ಕಣ್ಣಿಗೊತ್ತಿಕೊಳ್ಳಿ.” ನನ್ನ ಗಿಡದ ಹೂವನ್ನ ನಾನೇ ಬಗ್ಗಿ, ಎರಡೂ ಕೈಲಿ ತಗೊಂಡು, ಕಣ್ಣಿಗೊತ್ತಿಕೊಂಡೆ.

ನೋಡಿದೆ. ಐದು ಎಸಳು. ಕೆಂಪು. ಒಳ್ಳೇ ಕೆಂಪು.

ಗೆದ್ದೆ ಅನ್ಕೊಂಡೆ. ಮೀಸೆ ತಿರುವಿದೆ. ನಾಲ್ಕು ಹೆಜ್ಜೆ ಹೋದಮೇಲೆ ಗೆದ್ದಿದ್ದು ಅಷ್ಟು ಚೆನ್ನಾಗಿ ಅನ್ನಿಸಲಿಲ್ಲ. ಇನ್ನು ಮೀಸೆ ವಿಷಯಕ್ಕೆ ಯಾರೂ ಬಾಯಿ ಬಿಡಲ್ಲ. ಅದೇ ತಾನೇ ಪಂದ್ಯ.

ಗೇಟಿನ ಹತ್ತಿರ ಓನರಮ್ಮನೂ ಗದಗದ ಅಕ್ಕನೂ ಕಾಯ್ತಿದ್ದರು. ನನ್ನ ಮುಖ ನೋಡಿ ಅಕ್ಕ ಬಾಯಿಗೆ ಸೆರಗು ಹಿಡಿದಳು.

“ಅಣ್ಣಾರ, ಮೀಸಿ ಕೆಂಪ ಆಗೈತಲ್ರೀ!”

ಅಂಗೈ ನೋಡ್ಕೊಂಡೆ. ಅದೂ ಕೆಂಪು. ಕಾಂಪೌಂಡಿನ ನಲ್ಲಿ ತಿರುಗಿಸಿ ಹೂವನ್ನ ನೀರಿಗೆ ಹಿಡಿದೆ. ಕುಂಕುಮ ಇಳೀತು. ಮೊದಲು ಕೆಂಪು ನೀರು. ಆಮೇಲೆ ರೋಸ್ ಬಣ್ಣದ ನೀರು. ಆಮೇಲೆ ಬರೀ ನೀರು. ಕೈಯಲ್ಲಿ ಉಳಿದಿದ್ದು ಬಿಳಿ ಹೂವು. ಹಾಲಿನಂಥ ಬಿಳಿ. ಅಂಚಿನಲ್ಲಿ ಮಾತ್ರ ಒಂದು ಗೆರೆ ಕೆಂಪು.

“ಅಂಚು ಕೆಂಪ ಐತಿ ನೋಡ್ರಿ,” ಅಂದಳು ಅಕ್ಕ.

ಅಂಚಿಗೆ ನಾವು ಪಂದ್ಯ ಕಟ್ಟಿರಲಿಲ್ಲ. ಗಲ್ಲಿ ಉದ್ದಕ್ಕೂ ನಾನು ಗೆದ್ದಿದ್ದೆ. ನಲ್ಲಿ ಕೆಳಗೆ ಅವಳು ಗೆದ್ದಳು.

ಮೇಲೆ ಹೋಗಿ ಹೂವನ್ನ ಅವಳ ಫೋಟೋ ಮುಂದಿಟ್ಟೆ. ಶರ್ಟು ಹಾಕ್ಕೊಂಡು ಸೀದಾ ಕಟಿಂಗ್ ಶಾಪಿಗೆ ಹೋದೆ.

“ಮೀಸೆ ತೆಗಿ,” ಅಂದೆ.

ಅವನು ರೇಡಿಯೋ ಆಫ್ ಮಾಡಿದ. ಹೊಸ ಬ್ಲೇಡ್ ಹಾಕಿದ. ತಗ್ಗಿದ ದನೀಲಿ, “ತಲೇನೂ ಮಾಡ್ಲಾ ಸಾರ್?” ಅಂದ.

“ಬೇಡ. ಮೀಸೆ ಒಂದೇ.”

ವಾಪಸ್ ಬರುವಾಗ ಪ್ರಾವಿಷನ್ ಸ್ಟೋರಿನವರು ನನ್ನ ನೋಡಿ ಎದ್ದು ನಿಂತರು. ಶಟರು ಅರ್ಧ ಇಳಿಸಿದರು. ನನಗೆ ಅರ್ಥ ಆಗಲಿಲ್ಲ. ಮೇಲೆ ಹೋಗಿ ಫೋಟೋ ಮುಂದೆ ನಿಂತು, “ನೋಡ್ಕೋ,” ಅಂದೆ. ಮೂಗಿನ ಕೆಳಗೆ ಗಾಳಿ ತಣ್ಣಗೆ ಆಡ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಗದಗದ ಅಕ್ಕ. ಕೈಲಿ ಅನ್ನದ ಪಾತ್ರೆ. ಅವಳ ಹಿಂದೆ ಓನರಮ್ಮ. ಹತ್ತಕ್ಕಾಗಲ್ಲ ಅಂದವರು ಮಂಡಿ ಹಿಡ್ಕೊಂಡು ಹತ್ತಿ ಬಂದಿದ್ದರು, ಸಾರಿನ ಪಾತ್ರೆ ಹಿಡಿದು. ಅವರ ಹಿಂದೆ ಪ್ರಾವಿಷನ್ ಸ್ಟೋರಿನವರು, ಮೊಸರು. ಮೂರು ಪಾತ್ರೆ ನನ್ನ ಮುಂದಿಟ್ಟು ಕೂತರು.

ಸಾವಿನ ಮನೇಲಿ ಒಲೆ ಹಚ್ಚಲ್ಲ. ಅಕ್ಕಪಕ್ಕದವರು ಊಟ ತರ್ತಾರೆ. ಆಗ ನನಗೆ ಹೊಳೀತು.

“ಅಲ್ಲಮ್ಮ, ಅದು...”

“ಏನೂ ಹೇಳಬೇಡ. ಮೊದಲು ಉಣ್ಣು,” ಅಂದರು ಓನರಮ್ಮ. ಕಣ್ಣು ಒರೆಸ್ಕೊಂಡರು.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸಾರು ಬಿಸಿ ಇತ್ತು. ಉಂಡೆ. ಮೀಸೆ ಅದ್ದಲಿಲ್ಲ. ಮೊಸರಿಗೆ ಬಂದಾಗ ಗದಗದ ಅಕ್ಕನಿಗೆ ತಡೆಯಕ್ಕಾಗಲಿಲ್ಲ.

“ಯಾರ್ರೀ ಅಣ್ಣಾರ ಹೋಗಿದ್ದು?”

“ಯಾರೂ ಹೋಗಿಲ್ಲ ಅಕ್ಕ. ಮೀಸೆ ಒಂದೇ.” ಫೋಟೋ ಕಡೆ ಕೈ ತೋರಿಸಿದೆ. “ಹೂವು ಬಿಳಿ ಬಂದ್ರೆ ತೆಗೀತೀನಿ ಅಂತ ಅವಳ ಹತ್ರ ಪಂದ್ಯ ಕಟ್ಟಿದ್ದೆ. ಗೆದ್ದಳು.”

ಮೂವರೂ ಫೋಟೋ ನೋಡಿದರು. ಅದರ ಮುಂದಿದ್ದ ಹೂವು ನೋಡಿದರು. ಆಮೇಲೆ ನನ್ನ ಮೂಗಿನ ಕೆಳಗೆ ನೋಡಿದರು. ಪ್ರಾವಿಷನ್ ಸ್ಟೋರಿನವರು ಶಟರು ಎತ್ತಕ್ಕೆ ಕೆಳಗೆ ಓಡಿದರು.

ಓನರಮ್ಮ ಮಾತ್ರ ಕೂತೇ ಇದ್ದರು. ಖಾಲಿ ಪಾತ್ರೆ ಬಗ್ಗಿಸಿ ನೋಡಿದರು.

“ಇದನ್ನ ಸಾರಿಗೆ ಮುಂಚೆ ಹೇಳಬೇಕಿತ್ತು ಕಣಪ್ಪ,” ಅಂದರು. “ಕೆಳಗೆ ನಮ್ಮನೆಯವರು ಉಪವಾಸ ಕೂತಿದಾರೆ.”